ಮಣ್ಣು ಮುಟ್ಟದ ಫೋರ್ ವೀಲ್ ಡ್ರೈವ್

ಸಿಟ್ಟು ಎಲ್ಲರಿಗೂ ಬರುತ್ತದೆ. ಅದನ್ನು ಯಾರ ಮೇಲೆ ತೀರಿಸಿಕೊಳ್ಳುವುದು ಎನ್ನುವುದೇ ಸಂಸಾರಿಯ ತೊಂದರೆ. ಮ್ಯಾನೇಜರ್ ಮೇಲೆ ಬಂದದ್ದನ್ನು ಮನೆಗೆ ಹೊತ್ತು ತರಬಹುದು, ಹೆಂಡತಿಯ ಮೇಲೆ ಬಂದದ್ದನ್ನು ಹಿತ್ತಲ ಹುಲ್ಲು ಕತ್ತರಿಸುತ್ತ ಕಳೆದುಕೊಳ್ಳಬಹುದು. ಆದರೆ ಹೆಂಡತಿಯ ಅಣ್ಣನ ಮೇಲೆ ಬಂದ ಸಿಟ್ಟಿಗೆ ಹೊರಬೀಳಲು ಬಾಗಿಲೇ ಇಲ್ಲ. ಅವರಿಗೆ ಬಹುವಚನ ಕೊಡಬೇಕು, ಊಟಕ್ಕೆ ಬಲವಂತ ಮಾಡಬೇಕು, ಒಳಗೊಳಗೇ ಕುದಿಯಬೇಕು. ನನ್ನದು ಇನ್ನೂ ಕುದಿಯುತ್ತಿದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಮೈಸೂರಿನವನು, ಹೆಂಡತಿ ವಾಣಿ ಉಡುಪಿ ಕಡೆಯವಳು. ನಾವಿರುವುದು ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ. ಅವಳ ಅಣ್ಣ ದಿನಕರ ಭಾವ ಸಿಡ್ನಿಯ ಟೂಂಗಾಬಿಯಲ್ಲಿದ್ದಾರೆ. ಅವರು ಆನೆಯಂಥದ್ದೊಂದು ಫೋರ್ ವೀಲ್ ಡ್ರೈವ್ ಕೊಂಡು ವರ್ಷವಾಗಿತ್ತು. ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಸ್ಟೆಪ್ನಿಗೆ ಬೇಜಾರಾಗದಿರಲೆಂದು ಅದಕ್ಕೂ ಒಂದು ತೋರಿಸಿದ್ದರಂತೆ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಮಾತ್ರ ತೆಗೆದಿರಲಿಲ್ಲ. ಬೆಟ್ಟ ಹತ್ತುವ ಆ ಗಾಡಿ ಹತ್ತಿದ್ದ ಅತಿ ದೊಡ್ಡ ಏರೆಂದರೆ ಶಾಪಿಂಗ್ ಸೆಂಟರಿನ ಪಾರ್ಕಿಂಗ್ ಇಳಿಜಾರು. ಭಾನುವಾರ ಕರಿಬೇವು ತರುವುದೇ ಅದರ ಸಾಹಸ.

ಇಂಥವರು ಒಂದು ದಿನ ಫೋನ್ ಮಾಡಿ, ಗಾಡಿ ಇರುವುದು ಯಾಕೆ, ಎಲ್ಲರೂ ಸೇರಿ ಮರುಭೂಮಿ ಕಡೆ ಹೋಗುವ, ಟೆಂಟ್ ಹಾಕುವ ಎಂದರು. ಜಾಗವನ್ನು ಆರಿಸಿದ್ದು ನನ್ನ ಮಗಳು ಅದಿತಿ. ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಸಾಲಿನಲ್ಲಿ ಕೆಂಪು ಬಂಡೆಗಳ ಕಮರಿಯೊಂದಿದೆ, ಅಲ್ಲಿ ಬಾಲಕ್ಕೆ ಬಳೆ ತೊಡಿಸಿದಂತೆ ಪಟ್ಟೆಯಿರುವ, ಕಾಂಗರೂ ಜಾತಿಯ ಪುಟ್ಟ ವಾಲಬಿ ಇದೆ, ಬೆಳಗಿನ ಜಾವ ಅಥವಾ ಸಂಜೆ ಮಾತ್ರ ಕಾಣುತ್ತದೆ ಎಂದು ಶಾಲೆಯ ಲೈಬ್ರರಿಯಲ್ಲಿ ಓದಿಕೊಂಡು ಬಂದಿದ್ದಳು. ಹನ್ನೆರಡರ ಹುಡುಗಿಯರು ಅಪ್ಪನನ್ನು ಏನನ್ನಾದರೂ ಕೇಳುವುದೇ ಅಪರೂಪ. ತೋರಿಸಿಯೇ ತೋರಿಸುತ್ತೇನೆ ಎಂದು ಮಾತು ಕೊಟ್ಟೆ. ಕ್ಲೈಂಟ್ ಮುನಿಸಿಕೊಂಡರೂ ರಜೆ ಹಾಕಿದೆ.

ಭಾವ ಹೆಂಡತಿ ಶಶಿ ಅತ್ತಿಗೆಯ ಜೊತೆ ಸಿಡ್ನಿಯಿಂದ ಬಂದು ನಮ್ಮನ್ನು ಹತ್ತಿಸಿಕೊಂಡರು. ಅಂಗಳದಲ್ಲಿ ಚಪ್ಪಲಿ ಬಿಡಿಸಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಸೆಕೆಗೆ ಪ್ಲಾಸ್ಟಿಕ್ ಬೆನ್ನಿಗೆ ಅಂಟಿ, ಇಳಿಯುವಾಗ ಒಬ್ಬೊಬ್ಬರನ್ನೂ ಸಿಪ್ಪೆ ಸುಲಿದಂತೆ ಬಿಡಿಸಬೇಕಾಗುತ್ತಿತ್ತು. ಕಮರಿಯೊಳಗೇ ಟೆಂಟ್ ಹಾಕುವುದೆಂದು ತೀರ್ಮಾನವಾಗಿತ್ತು. ಅಲ್ಲಿ ಕರೆಂಟ್ ಇಲ್ಲವೆಂದು ತಿಳಿದದ್ದೇ ಶಶಿ ಅತ್ತಿಗೆ ಕಂಗಾಲಾದರು. ಅವರು ಮಿಕ್ಸಿ, ಎಲೆಕ್ಟ್ರಿಕ್ ಕುಕ್ಕರ್ ತಂದಿದ್ದರು. ಚಟ್ನಿಗಾಗಿ ಕಾಡನ್ನು ಬಿಟ್ಟು, ಪ್ಲಗ್ ಪಾಯಿಂಟ್ ಇರುವ ಕ್ಯಾರವಾನ್ ಪಾರ್ಕಿನಲ್ಲಿ ಟೆಂಟ್ ಹಾಕಿದೆವು. ಬೆಳಿಗ್ಗೆ ನಮ್ಮ ಮಿಕ್ಸಿಯ ಸದ್ದಿಗೆ ಸುತ್ತಲ ಟೆಂಟುಗಳಿಂದ ಕೆಂಪು ಮುಖಗಳು ಹೊರಬಂದು ನೋಡುತ್ತಿದ್ದವು. ಕೊನೆಯ ದೋಸೆ ಏಳುವ ಹೊತ್ತಿಗೆ ಬಿಸಿಲೇರಿ, ಬುದ್ಧಿಯಿರುವ ಪ್ರಾಣಿಗಳೆಲ್ಲ ನೆರಳು ಸೇರಿರುತ್ತಿದ್ದವು. ಸಂಜೆಯೋ, ಭಾವನ ಗಾಡಿ ತೊಳೆಯುವ ಸಮಯ. ನೀರು ಪೋಲು ಮಾಡಬೇಡಿ ಎಂಬ ಬೋರ್ಡಿನ ಕೆಳಗೇ ಬಕೆಟ್ ಇಟ್ಟು ಧೂಳಿಗೆ ಅಭಿಷೇಕ ಮಾಡುತ್ತಿದ್ದರು. ದಿನಕ್ಕೊಮ್ಮೆ ಟಾರು ಮುಗಿಯುವ ತನಕ ಹೋಗುವುದು, ಗಾಡಿಗೆ ಒರಗಿ ಫೋಟೋ ತೆಗೆಸಿಕೊಳ್ಳುವುದು, ವಾಪಸ್ಸು ಬರುವುದು. ನಾನು ಹಲ್ಲು ಕಚ್ಚಿಕೊಂಡೆ. ಅಣ್ಣ ತಂಗಿ ತುಳುವಿನಲ್ಲಿ ಏನೋ ಮಾತಾಡಿಕೊಂಡು ನನ್ನ ಕಡೆ ನೋಡುತ್ತಿದ್ದರು. ಅದಕ್ಕೂ ಸಿಟ್ಟು ಬಂತು.

ಕೊನೆಯ ಸಂಜೆ, ಅಂತೂ ಕಮರಿಯ ಬಾಯಿಗೆ ಬಂದೆವು. ಮುಂದೆ ಒಣಗಿದ ಹಳ್ಳ, ಅದರ ತುಂಬ ದುಂಡು ಕಲ್ಲುಗಳು. ನಮ್ಮದರ ಪಕ್ಕದಲ್ಲೇ ಒಂದು ಹಳೇ ಲಟಾರಿ ಜೀಪು, ಅಜ್ಜ ಅಜ್ಜಿಯನ್ನು ಕೂರಿಸಿಕೊಂಡು ಕುಲುಕುತ್ತ ಒಳಗೆ ಹೋಯಿತು. ಭಾವ ಬ್ರೇಕ್ ಒತ್ತಿದರು. ಕಲ್ಲು ಉಂಟು, ಗಾಡಿಯ ಅಡಿಗೆ ತಾಗಿದರೆ ಕಷ್ಟ, ಮುಳ್ಳಿನ ಗಿಡ ಬೇರೆ ಉಂಟು, ಪೇಂಟಿಗೆ ಆಗುವುದಿಲ್ಲ ಎಂದರು. ಅದಿತಿ ಕಿಟಕಿಯಿಂದ ಮುಖ ತಿರುಗಿಸಿ ಮೆಲ್ಲಗೆ, "ಇಟ್ಸ್ ಓಕೆ ಅಪ್ಪಾ. ನೆವರ್ ಮೈಂಡ್" ಎಂದಳು. ಅವಳು ಅತ್ತಿದ್ದರೆ ಸಹಿಸುತ್ತಿದ್ದೆನೇನೋ. ಆ ಸಮಾಧಾನದ ಮಾತಿಗೆ ನನ್ನ ಕಟ್ಟೆ ಒಡೆಯಿತು.

"ಕಲ್ಲಿನ ಮೇಲೆ ಓಡಿಸೋಕೆ ಅಂತಾನೇ ಮಾಡಿರೋ ಗಾಡಿ ಕಣ್ರೀ ಇದು," ಎಂದೆ. "ಕರಿಬೇವು ತರೋಕೆ ಒಂದು ಸೈಕಲ್ ಸಾಕಿತ್ತು. ನೀವು ಇಲ್ಲೇ ಒರೆಸ್ತಾ ಇರಿ, ನಾನು ನನ್ನ ಮಗಳನ್ನ ನಡೆಸಿಕೊಂಡು ಹೋಗ್ತೀನಿ."

ಮದುವೆಯಾದಂದಿನಿಂದ ಅವರಿಗೆ ನಾನು ಎತ್ತರದ ದನಿಯಲ್ಲಿ ಆಡಿದ ಮೊದಲ ಮಾತು ಅದು. ಭಾವ ನಿಧಾನಕ್ಕೆ ಇಳಿದು, ಸುತ್ತಿ ಬಂದು, ಬೀಗದ ಕೈ ನನ್ನ ಅಂಗೈಯಲ್ಲಿಟ್ಟರು. "ಹಾಗಾದ್ರೆ ಗಾಡಿ ನೀವೇ ಬಿಡಿ ಭಾವ."

ಸಿಟ್ಟಿನ ಭರದಲ್ಲಿ ಮೊದಲ ಹಳ್ಳ ದಾಟಿಯೇಬಿಟ್ಟೆ. ಎರಡನೆಯದೂ ಆಯಿತು. ಎರಡೂ ಕಡೆ ಬಂಡೆಗಳು ಸಂಜೆಯ ಬಿಸಿಲಿಗೆ ಕೆಂಡವಾಗಿದ್ದವು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಒಂದು ಒಣಕೊಂಬೆ ಮುಂದಿನ ಬಾಗಿಲಿನಿಂದ ಹಿಂದಿನವರೆಗೂ ಕರ್‍ರೆಂದು ಕೆರೆದುಕೊಂಡು ಹೋಯಿತು. ಆ ಸದ್ದಿಗೆ ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಗಾಡಿ ನಿಲ್ಲಿಸಿ ಹಾರಿದೆ. ಬಾಗಿಲ ಉದ್ದಕ್ಕೂ ಬಿಳಿ ಗೀರು. ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿದೆ. ಕರವಸ್ತ್ರದಿಂದ ಉಜ್ಜಿದೆ. ಅಂಗಿಯ ತುದಿಯಿಂದ ಉಜ್ಜಿದೆ. ಆಚೆ ಕಡೆಯಿಂದ ವಾಣಿ ಪಿಸುದನಿಯಲ್ಲಿ ಎರಡು ಸಲ ಕರೆದಳು. ಒಂದ್ನಿಮಿಷ ಎಂದೆ.

ಎದ್ದು ನಿಂತಾಗ ಬಂಡೆಯ ಮೇಲಿಂದ ಒಂದೆರಡು ಪುಟ್ಟ ಕಲ್ಲುಗಳು ಉರುಳುತ್ತಿದ್ದವು, ಅಷ್ಟೇ. ತಾಯಿ ವಾಲಬಿ ಬಂದಿತ್ತಂತೆ, ಚೀಲದಲ್ಲಿ ಮರಿಯೂ ಇತ್ತಂತೆ, ಇಷ್ಟು ಹತ್ತಿರವಂತೆ. ಅದಿತಿಯ ಮುಖ ನೋಡಿ ಹೊಟ್ಟೆ ತುಂಬಿತು, ನನ್ನ ಪಾಲಿಗೆ ಸಿಕ್ಕಿದ್ದು ಅದೊಂದೇ. ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದವರು ದಿನಕರ ಭಾವ. ಇತ್ತ ಬಂದು ಬಾಗಿಲನ್ನೊಮ್ಮೆ ನೋಡಿ, "ಬಿಡಿ ಭಾವ, ಗೀರು ತಾನೇ. ನೀವು ಅದನ್ನ ನೋಡಬೇಕಿತ್ತು ಮಾರಾಯ್ರೆ," ಎಂದರು.

ವಾಪಸ್ಸು ಅವರೇ ಓಡಿಸಿದರು. ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಅದರ ಬಾಲ ಎಷ್ಟುದ್ದವಿತ್ತೆಂದು ಅದಿತಿಗೆ ತೋರಿಸುತ್ತ, ಕಲ್ಲು ಮುಳ್ಳು ಯಾವುದನ್ನೂ ಲೆಕ್ಕಿಸದೆ ನುಗ್ಗಿಸಿದರು. ಎಲ್ಲರೂ ನಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್‌ಗೆ ಅಂಟಿಕೊಂಡು, ಕೊಂಬೆ ತಾಗಿದಾಗಲೆಲ್ಲ "ಭಾವ, ನಿಧಾನ, ಪೇಂಟು ಹೋಗುತ್ತೆ" ಎಂದು ಹಲ್ಲು ಕಡಿಯುತ್ತಿದ್ದವನು ನಾನೊಬ್ಬನೇ.