‘ಶುದ್ಧ ಭಸ್ಮ’ದ ಸೀಸೆ ಹಾಗೂ ಅಧೀಕ್ಷಕರ ಹಣೆ

ಸಂಖ್ಯೆ: ಸಂಶೋ/ಧಾರ/ಅತಿಸೂಕ್ಷ್ಮ/ಹಣೆ/2006-07
ಧಾರವಾಡ, ದಿನಾಂಕ: 08-08-2006

ಸುತ್ತೋಲೆ

ವಿಷಯ: ಜಿರ್ಕೋನಿಯಂ ಆಕ್ಸೈಡಿನ ನ್ಯಾನೋಕಣಗಳನ್ನು ತಯಾರಿಸುವ, ಪರೀಕ್ಷಿಸುವ ಹಾಗೂ ಹಣೆಗೆ ಹಚ್ಚಿಕೊಳ್ಳದಿರುವ ಕುರಿತು.

ಉಲ್ಲೇಖ:
1. ಎಲ್ಲ ಸೀಸೆಗಳಿಗೂ ಕನ್ನಡದಲ್ಲಿಯೇ ಚೀಟಿ ಅಂಟಿಸಬೇಕೆಂಬ ಈ ಕಚೇರಿಯ ಆದೇಶ.
2. ಸಂಶೋಧಕಿ ಕು. ಸುಹಾಸಿನಿ ಅವರ ದೂರು. (ಅಳುತ್ತ ಬರೆದದ್ದು. ಮಸಿ ಹರಡಿರುವುದರಿಂದ ಅರ್ಧ ಮಾತ್ರ ಪರಿಗಣಿಸಲಾಗಿದೆ.)

ಪಿಂಗಾಣಿ ಜಾತಿಯ ಆಕ್ಸೈಡುಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡುವುದು ಸದರಿ ಸಂಶೋಧಕಿಯ ಪಿಎಚ್.ಡಿ. ವಿಷಯವಾಗಿರುತ್ತದೆ. ಕಾಣದ್ದನ್ನು ಮಾಡಲು ಇಷ್ಟು ವರ್ಷ ಏಕೆ ಬೇಕಾಯಿತೆಂಬುದು ಈ ಕಚೇರಿಗೆ ತಿಳಿದುಬಂದಿರುವುದಿಲ್ಲ. ಜಿರ್ಕೋನಿಯಂ ಲವಣವನ್ನು ಯೂರಿಯಾದೊಂದಿಗೆ ಕುಲುಮೆಯಲ್ಲಿ ಉರಿಸಿ ಪಡೆದ ಬಿಳಿ ಪುಡಿಯ ಸೀಸೆಗೆ ಅವರು, ಉಲ್ಲೇಖ 1ರಂತೆ ಆಕ್ಸೈಡ್ ಪದವನ್ನು ಕನ್ನಡಿಸಿ, ‘ಶುದ್ಧ ಭಸ್ಮ’ ಎಂದು ಚೀಟಿ ಅಂಟಿಸಿ, ಎಕ್ಸ್-ರೇ ಪರೀಕ್ಷೆಗೆ ರವಾನಿಸಲು ಕಚೇರಿಯ ಮೇಜಿನ ಮೇಲಿಟ್ಟಿದ್ದರು.

ನಿನ್ನೆ ಶ್ರಾವಣ ಸೋಮವಾರ. ಅಧೀಕ್ಷಕರಾದ ಶ್ರೀ ಶಾಂತಯ್ಯನವರು ಸದರಿ ಪುಡಿಯನ್ನು ಭಕ್ತಿಪೂರ್ವಕ ಹಣೆಗೆ ಧರಿಸಿ, ಉಳಿದದ್ದನ್ನು ಸಿಬ್ಬಂದಿಗೆ ಹಂಚಿರುತ್ತಾರೆ. ವಿಚಾರಣೆಯಲ್ಲಿ ಅವರು, “ಭಸ್ಮ ಅಂತ ಬರ್ದಿದ್ರ ಹಣಿಗೆ ಹಚ್ಕೊಳ್ಳದ, ರೊಟ್ಟಿಗೆ ಹಚ್ಕೋಬೇಕೇನ್ರಿ? ಖರೇ ಹೇಳ್ತೇನಿ, ಭಾಳ ನುಣ್ಣಗಿತ್ತು” ಎಂದು ಹೇಳಿಕೆ ನೀಡಿರುತ್ತಾರೆ. ಪುಡಿಯ ಗುಣಮಟ್ಟದ ಬಗ್ಗೆ ಈವರೆಗೆ ದಾಖಲಾದ ಏಕೈಕ ಪರೀಕ್ಷಾ ವರದಿ ಇದೇ ಆಗಿರುತ್ತದೆ.

ಆದಕಾರಣ ಸರ್ವರಿಗೂ ಈ ಮೂಲಕ ಸೂಚಿಸಲಾಗಿದೆ:

1. ಇನ್ನು ಮುಂದೆ ಯಾವ ಆಕ್ಸೈಡನ್ನೂ ಬಿಳಿ ಬಣ್ಣದಲ್ಲಿ ತಯಾರಿಸತಕ್ಕದ್ದಲ್ಲ. ಕುಂಕುಮದ ಬಣ್ಣಕ್ಕೂ ಅನುಮತಿ ಇರುವುದಿಲ್ಲ.

2. ಪುಡಿಯನ್ನು ಮತ್ತೆ ತಯಾರಿಸಲು ಸಂಶೋಧಕಿಯು ಯೂರಿಯಾ ಕೋರಿರುತ್ತಾರೆ. ಯೂರಿಯಾ ಗೊಬ್ಬರವಾಗಿರುವುದರಿಂದ ಹೊಲದ ಉತಾರ (ಪಹಣಿ) ಲಗತ್ತಿಸತಕ್ಕದ್ದು. ಕುಲುಮೆಯ ಕ್ಷೇತ್ರವನ್ನು ಗುಂಟೆಗಳಲ್ಲಿ ನಮೂದಿಸಿ, ಬೆಳೆ ಮುಂಗಾರಿಯೋ ಹಿಂಗಾರಿಯೋ ಎಂಬುದನ್ನು ಸ್ಪಷ್ಟಪಡಿಸುವುದು.

3. ಕಣಗಳ ಗಾತ್ರವನ್ನು ದಾಸ್ತಾನು ಸಮಿತಿಯು ಖುದ್ದಾಗಿ ಕಂಡು ಅಳೆಯುವುದು. ಸಮಿತಿಯ ಅಧ್ಯಕ್ಷರ ಕನ್ನಡಕವು ದುರಸ್ತಿಗಾಗಿ ದೇಶಪಾಂಡೆ ನಗರಕ್ಕೆ ಹೋಗಿದ್ದು, ಅದು ಮರಳುವವರೆಗೆ ಕಣಗಳು ಗಾತ್ರ ಬದಲಿಸತಕ್ಕದ್ದಲ್ಲ.

4. ಉಳಿದ ಸಿಬ್ಬಂದಿ ಮುಖ ತೊಳೆದಿರುವುದರಿಂದ, ಮಾದರಿಯು ಈಗ ಅಧೀಕ್ಷಕರ ಹಣೆಯ ಮೇಲಷ್ಟೇ ಲಭ್ಯವಿದೆ. ಸದರಿ ಹಣೆಯನ್ನು ಸಂಶೋಧನಾ ಸಾಮಗ್ರಿಯೆಂದು ಘೋಷಿಸಲಾಗಿದೆ. ಅದು ಬೆವರತಕ್ಕದ್ದಲ್ಲ. ಎಕ್ಸ್-ರೇ ಪರೀಕ್ಷೆಗೆ ಅದನ್ನು ಅಧೀಕ್ಷಕರ ಸಮೇತ ರವಾನಿಸುವ ಪ್ರಸ್ತಾವನೆ ಪರಿಶೀಲನೆಯಲ್ಲಿದ್ದು, ಪ್ರಯಾಣಭತ್ಯೆ ಹಣೆಗೆ ಮಾತ್ರ ಅನ್ವಯಿಸುತ್ತದೆ.

5. ಆ ಒಂದು ಪರೀಕ್ಷೆಯ ಹೊರತು ಪ್ರಬಂಧವೆಲ್ಲ ಮುಗಿದಿದೆ, ಸಲ್ಲಿಸಲು ಇದೇ ಶುಕ್ರವಾರ ಕೊನೆಯ ದಿನ, ದಯವಿಟ್ಟು ಅವಧಿ ವಿಸ್ತರಿಸಿ, ಇಲ್ಲದಿದ್ದರೆ ನೋಂದಣಿಯೇ ರದ್ದಾಗುತ್ತದೆ ಎಂದು ಸಂಶೋಧಕಿ ಕೋರಿರುತ್ತಾರೆ. ಕಳೆದುಹೋದದ್ದು ಕಣ್ಣಿಗೆ ಕಾಣದ ವಸ್ತುವಾದ್ದರಿಂದ, ನಷ್ಟವೂ ಕಂಡುಬಂದಿರುವುದಿಲ್ಲ. ಕೋರಿಕೆಯನ್ನು ತಿರಸ್ಕರಿಸಲಾಗಿದೆ.

ಸಹಿ/-
(ಶಾಂತಯ್ಯ)
ಅಧೀಕ್ಷಕರು ಹಾಗೂ ಪ್ರಭಾರ ವಿಚಾರಣಾಧಿಕಾರಿ

ಪ್ರತಿಗಳು:
1. ದಾಸ್ತಾನು ಸಮಿತಿಯ ಅಧ್ಯಕ್ಷರಿಗೆ, ದಪ್ಪ ಅಕ್ಷರಗಳಲ್ಲಿ.
2. ಕುಲುಮೆ ಕೋಣೆಯ ಬಾಗಿಲಿಗೆ, ಅಂಟಿಸುವ ಸಲುವಾಗಿ.
3. ಕು. ಸುಹಾಸಿನಿ ಅವರಿಗೆ, ಮುಂದಿನ ಕ್ರಮಕ್ಕಾಗಿ. ಶನಿವಾರ ತಲುಪಿಸುವುದು.