ಒಂದೇ ಬೀದಿಯ ಮೊಸರು

ಪ್ರಾಂಶುಪಾಲ ಶಂಭುಲಿಂಗಪ್ಪನವರು ಯಾವುದೋ ಸಮ್ಮೇಳನಕ್ಕೆ ಹೋಗಿದ್ದವರು, ಅಲ್ಲಿ ಹೊದಿಸಿದ ಶಾಲಿನ ಜೊತೆಗೆ ಒಂದು ಹೊಸ ಮಾತನ್ನೂ ಹೊದ್ದುಕೊಂಡು ಬಂದರು: ಅಂತರ್‌ಶಿಸ್ತೀಯ ಸಂಶೋಧನೆ. ಪುರುಷೋತ್ತಮನ ತಾಪತ್ರಯ ಅಲ್ಲಿಂದಲೇ ಶುರುವಾಯಿತು.

ಪುರುಷೋತ್ತಮ ಮಾಗಡಿ ರಸ್ತೆಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿಯಾಗಿಯೇ ಅವನ ತಲೆಕೂದಲು ನರೆಯತೊಡಗಿತ್ತು. ಇನ್ನೂ ಯಾರೂ ಅವನನ್ನು ಮನೆಯವನು ಅಂದಿರಲಿಲ್ಲ. ಅವನಿಗಿದ್ದ ಆಸೆ ಒಂದೇ, ಕೆಲಸ ಕಾಯಂ ಆಗಬೇಕು. ಅವನ ಸಂಶೋಧನೆಯ ವಿಷಯವೂ ಒಂದೇ, ಮೊಸರು. ಪ್ರತಿಯೊಂದು ಮನೆಯ ಹೆಪ್ಪಿನಲ್ಲೂ ಆ ಮನೆಗೇ ಸೇರಿದ ಸೂಕ್ಷ್ಮಜೀವಿಗಳ ಸಂಸಾರವಿರುತ್ತದೆ, ಆದ್ದರಿಂದ ಒಂದು ಬೀದಿಯಲ್ಲಿ ಎಷ್ಟು ಮನೆಯೋ ಅಷ್ಟು ಬಗೆಯ ಮೊಸರು ಎಂಬುದು ಅವನ ವಾದ.

“ಒಬ್ರೇ ಮಾಡಿದ್ರೆ ಅದು ಸಂಶೋಧನೆ ಅಲ್ಲ ಕಣ್ರೀ, ಹಟ,” ಎಂದರು ಪ್ರಾಂಶುಪಾಲರು. “ಸಮಾಜಶಾಸ್ತ್ರದ ಅನಂತಲಕ್ಷ್ಮಿ, ಸಂಖ್ಯಾಶಾಸ್ತ್ರದ ಗಿರಿರಾಜ್, ಇಬ್ಬರನ್ನೂ ಸೇರಿಸ್ಕೊಳ್ಳಿ. ಶುಕ್ರವಾರ ಸಂಜೆ ತಜ್ಞರು ಬರ್ತಾರೆ. ಅವರು ಮೆಚ್ಚಿದ್ರೆ ಈ ವರ್ಷ ಒಂದು ಹುದ್ದೆ ಕಾಯಂ. ನಿಮ್ದೇ ಅನ್ಕೊಳ್ಳಿ.”

ಹೀಗಾಗಿ ಶುಕ್ರವಾರ ಬೆಳಿಗ್ಗೆ ಗೋವಿಂದರಾಜನಗರದ ಪುರುಷೋತ್ತಮನ ಮನೆ ಮುಂದೆ ಮೂರು ಶಾಸ್ತ್ರಗಳು ಒಟ್ಟಿಗೆ ಕಾಫಿ ಕುಡಿಯುತ್ತಾ ನಿಂತಿದ್ದವು. ದೂರ ಅಲೆಯುವುದೇಕೆಂದು ಅವನು ತನ್ನ ಬೀದಿಯನ್ನೇ ಆರಿಸಿಕೊಂಡಿದ್ದ.

“ಸುಲಭದ ಕೆಲಸ,” ಎಂದ ಪುರುಷೋತ್ತಮ, ಗಾಜಿನ ನಳಿಕೆಗಳ ಪೆಟ್ಟಿಗೆಯನ್ನು ಬಾಣಂತಿಯ ಕೂಸಿನ ಹಾಗೆ ಎದೆಗೊತ್ತಿಕೊಂಡು. “ಒಂದೊಂದು ಮನೆಗೆ ಹೋಗೋದು, ಒಂದು ಚಮಚ ಮೊಸರು ತಗೊಳ್ಳೋದು, ಬರೋದು.”

“ಹಂಗೆ ನುಗ್ಗೋಕಾಗಲ್ಲ ಸಾರ್,” ಎಂದಳು ಅನಂತಲಕ್ಷ್ಮಿ. ಅವಳು ಹೋದ ವರ್ಷವಷ್ಟೇ ಅತಿಥಿಯಾಗಿ ಬಂದವಳು. “ಮೊಸರು ಅಂದ್ರೆ ವಸ್ತುವಲ್ಲ, ಸಂಬಂಧ. ಮೊದಲು ಜನರ ಒಪ್ಪಿಗೆ ಬೇಕು. ಅದಕ್ಕೇ ನಿನ್ನೆ ಬೆಳಿಗ್ಗೆಯೇ ನಾನು ಮನೆಮನೆಗೂ ಹೋಗಿ, ನಾಳೆ ಬರ್ತೀವಿ, ಸಾರ್ ಕೆಲಸ ಇದರ ಮೇಲೇ ನಿಂತಿದೆ ಅಂತ ಹೇಳಿ ಬಂದಿದೀನಿ.”

“ಎಲ್ಲ ಮನೆಗೂ ಹೋಗಂಗಿಲ್ಲ,” ಎಂದ ಗಿರಿರಾಜ್. “ಚೀಟಿ ಎತ್ತಬೇಕು. ಚೀಟಿಯಲ್ಲಿ ಬಂದ ಮನೆ ಮಾತ್ರ. ಇಲ್ಲದಿದ್ರೆ ಲೆಕ್ಕ ಕೆಡುತ್ತೆ.”

ಚೀಟಿ ಎತ್ತಿದರು. ಮೊದಲ ಮನೆಯಲ್ಲಿ ಮೊಸರು ತೆಗೆದುಕೊಂಡು ಈಚೆ ಬರುವಷ್ಟರಲ್ಲಿ ಎದುರುಮನೆಯ ಅಣ್ಣಮ್ಮ ಸೊಂಟದ ಮೇಲೆ ಕೈಯಿಟ್ಟು ಗೇಟಿನಲ್ಲಿ ನಿಂತಿದ್ದರು.

“ಯಾಕೆ ಸಾರ್, ನಮ್ಮನೆ ಮೊಸರು ಮೊಸರಲ್ವಾ? ಅವ್ರು ಮೊನ್ನೆ ಮೊನ್ನೆ ಬಾಡಿಗೆಗೆ ಬಂದೋರು. ನಾವು ಈ ಬೀದೀಲಿ ನಲ್ಲಿ ಬರೋಕೆ ಮುಂಚಿನಿಂದ ಇದೀವಿ.”

“ಆಂಟಿ, ಅದು ಚೀಟಿಯಲ್ಲಿ...” ಗಿರಿರಾಜ್ ತೊದಲಿದ.

“ಚೀಟಿ ಎತ್ತೋಕೆ ನೀವೇನು ಚೀಟಿ ವ್ಯವಹಾರ ಮಾಡ್ತಿದೀರಾ? ಒಳಗೆ ಬನ್ನಿ!”

ಒಳಗೆ ಹೋದರು. ಅಣ್ಣಮ್ಮನ ಮನೆಗೆ ಹೋದ ಮೇಲೆ ಪಕ್ಕದ ಮನೆಯವರು ಬಿಟ್ಟಾರೆಯೇ? ಮಧ್ಯಾಹ್ನದ ಹೊತ್ತಿಗೆ ಬೀದಿಯ ಎಲ್ಲ ಮನೆಯೂ ಆಗಿತ್ತು. ಗಿರಿರಾಜ್ ಚೀಟಿಗಳನ್ನು ಜೇಬಿಗೆ ತುರುಕಿ, “ಇದು ಸಮೀಕ್ಷೆ ಅಲ್ಲ ಗುರುಗಳೇ, ಜನಗಣತಿ,” ಎಂದು ನಿಟ್ಟುಸಿರು ಬಿಟ್ಟ.

ಅನಂತಲಕ್ಷ್ಮಿಯೋ ಹೋದಲ್ಲೆಲ್ಲ ಚಕ್ಕಳಮಕ್ಕಳ ಹಾಕಿ ಕೂತು, ಮೊದಲ ಹೆಪ್ಪು ಯಾರ ತವರಿನಿಂದ ಬಂತು, ಅತ್ತೆ ಹಾಕ್ತಾರೋ ಸೊಸೆ ಹಾಕ್ತಾಳೋ ಎಂದು ಕೇಳುತ್ತಿದ್ದಳು. ಅವಳು ಕೂತಷ್ಟು ಹೊತ್ತೂ ಪುರುಷೋತ್ತಮನ ಮುಂದೆ ತಟ್ಟೆ ಬಂದು ಕೂರುತ್ತಿತ್ತು. ಒಂದು ಕಡೆ ಉಪ್ಪಿಟ್ಟು, ಇನ್ನೊಂದು ಕಡೆ ಕೇಸರಿಬಾತು, ಮತ್ತೊಂದು ಕಡೆ ಮತ್ತೆ ಉಪ್ಪಿಟ್ಟು. ಬೇಡ ಎಂದರೆ ಅವರಿಗೆ ಬೇಸರ, ತಿಂದರೆ ಇವನ ಬೆಲ್ಟಿಗೆ ಬೇಸರ.

ಆದರೂ ಅವನ ಮನಸ್ಸು ತುಂಬಿ ಬಂದಿತ್ತು. ಯಾರೊಬ್ಬರೂ ಇಲ್ಲ ಅನ್ನಲಿಲ್ಲ. ಪ್ರತಿ ಮನೆಯಲ್ಲೂ ಇವನಿಗಾಗಿಯೇ ಒಂದು ಬಟ್ಟಲು ಮೊಸರು ಮುಚ್ಚಿಟ್ಟಿದ್ದರು. ಕೊನೆಯ ಮನೆಯ ಶಿವಕ್ಕ, ಬಾಗಲಕೋಟೆ ಕಡೆಯವರು, ಅವನ ಪೆಟ್ಟಿಗೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ, “ಬಿಸಲಿಗೆ ಹುಳಿ ಬರತದ್ರಿ ಮಾಸ್ತರ, ಹುಷಾರಿಲೆ ಒಯ್ರಿ,” ಎಂದರು. ಆಟೋ ದೊಡ್ಡಹನುಮಯ್ಯ ಅವರನ್ನು ಕಾಲೇಜಿಗೆ ಬಿಟ್ಟು, ದುಡ್ಡು ಕೊಡಹೋದರೆ, “ನಮ್ ಬೀದಿ ಮೊಸರಿಗೆ ನಾನು ಮೀಟರ್ ಹಾಕ್ಲಾ ಸಾರ್?” ಎಂದ. ವಿಜ್ಞಾನವನ್ನು ಇಷ್ಟು ಪ್ರೀತಿಸುವ ಜನ ಬೇರೆಲ್ಲೂ ಇರಲಾರರು ಎಂದುಕೊಂಡ ಪುರುಷೋತ್ತಮ.

ಪ್ರಯೋಗಾಲಯದಲ್ಲಿ ಅವನ ಖುಷಿ ನೀರಿಗೆ ಬಿದ್ದ ಉಪ್ಪಾಯಿತು. ಮೊದಲ ನಳಿಕೆಯ ಹುಳಿ ಅಳೆದ. ಎರಡನೆಯದೂ ಅಷ್ಟೇ. ಮೂರನೆಯದೂ ಅಷ್ಟೇ. ಯಂತ್ರವೇ ಕೆಟ್ಟಿರಬೇಕೆಂದು ರಸಾಯನಶಾಸ್ತ್ರದವರದನ್ನು ಬೇಡಿ ತಂದ. ಅದೂ ಅದನ್ನೇ ಹೇಳಿತು. ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಒಂದೇ ಮದುವೆಯ ಒಂದೇ ಫೋಟೋವನ್ನು ಮತ್ತೆ ಮತ್ತೆ ತೋರಿಸಿದಂತೆ ಎಲ್ಲ ನಳಿಕೆಯಲ್ಲೂ ಅದೇ ಮುಖಗಳು.

“ವ್ಯತ್ಯಾಸ ಸೊನ್ನೆ!” ಗಿರಿರಾಜ್ ಕಣ್ಣರಳಿಸಿದ. “ನನ್ನ ಜೀವಮಾನದಲ್ಲೇ ಇಂಥದ್ದು ನೋಡಿಲ್ಲ ಸಾರ್.” ಆಮೇಲೆ ಪುರುಷೋತ್ತಮನ ಮುಖ ನೋಡಿ ದನಿ ತಗ್ಗಿಸಿದ. “ಅಲ್ಲೊಂದು ಇಲ್ಲೊಂದು ಅಂಕಿ ಸ್ವಲ್ಪ ಅಲ್ಲಾಡಿಸಿದ್ರೆ?”

“ಬೇಡ ಮಾರಾಯ,” ಎಂದ ಪುರುಷೋತ್ತಮ. “ಕೆಲಸ ಹೋದ್ರೆ ಹೋಗ್ಲಿ. ಮೊಸರಿನ ವಿಷಯದಲ್ಲಿ ಸುಳ್ಳು ಹೇಳಿ ಮೊಸರನ್ನ ಹೇಗೆ ತಿನ್ನಲಿ?”

ಸಂಜೆ ಸಭಾಂಗಣ ತುಂಬಿತ್ತು. ಮಾಹಿತಿ ಕೊಟ್ಟವರನ್ನು ಕರೆಯುವುದು ತಮ್ಮ ಶಾಸ್ತ್ರದ ಪದ್ಧತಿ ಎಂದು ಅನಂತಲಕ್ಷ್ಮಿ ಬೀದಿಯವರನ್ನೆಲ್ಲ ಎರಡನೇ ಸಾಲಿನಲ್ಲಿ ಕೂರಿಸಿದ್ದಳು. ತಜ್ಞೆ ಡಾಕ್ಟರ್ ಶುಭಾ ಕನ್ನಡಕ ಸರಿಮಾಡಿಕೊಂಡರು. ಪುರುಷೋತ್ತಮ ನಿಂತು ಬೆವರೊರೆಸಿಕೊಂಡ.

“ಮನೆಗೊಂದು ಬಗೆಯ ಮೊಸರು ಅಂತ ತೋರಿಸೋದು ನನ್ನ ಉದ್ದೇಶ ಆಗಿತ್ತು. ಆದರೆ ಎಲ್ಲವೂ ಒಂದೇ ಆಗಿ ಬಂದಿದೆ. ಯಾಕೆ ಅಂತ ನನಗೆ ತಿಳೀತಿಲ್ಲ.”

ಎರಡನೇ ಸಾಲಿನಲ್ಲಿ ಶಿವಕ್ಕ ಎದ್ದು ನಿಂತರು.

“ಒಂದ ಇರತದ್ರಿ ಮಾಸ್ತರ. ಎಲ್ಲಾ ನಿಮ್ಮನೀ ಮೊಸರ ಅಲ್ಲೇನ್ರಿ!”

“ಏನಂದ್ರಿ?” ಎಂದ ಪುರುಷೋತ್ತಮ.

“ಶುಕ್ರವಾರ ಮನೀ ಮೊಸರು ಹೊರಗ ಕೊಟ್ರ ಲಕ್ಷ್ಮೀ ಹೋಗತಾಳ್ರಿ. ಹಂಗಂತ ನಿಮ್ಮ ನೌಕರಿ ವಿಷಯ, ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಅದಕ್ಕ ನಿನ್ನೆನ ಹೋಗಿ ನಿಮ್ಮ ಮನಿಯವ್ರು ತುಂಗಮ್ಮನ ಕಡೆ ಒಂದ ಬಟ್ಟಲ ಇಸಗೊಂಡ ಬಂದೆ. ನಿಮ್ಮ ಮೊಸರು ನಿಮಗ ಕೊಟ್ರ ದೋಷ ಇಲ್ಲಲ್ರಿ?”

“ಅಯ್ಯೋ, ನಾನೂ ತುಂಗಮ್ಮನ ಹತ್ರಾನೇ ಇಸ್ಕೊಂಡಿದ್ದು!” ಎಂದರು ಅಣ್ಣಮ್ಮ. ಸಾಲಿಗೆ ಸಾಲೇ ನಾಚುತ್ತಾ ತಲೆಯಾಡಿಸಿತು. ಆಡದೇ ಮಾಡಿದ ಉಪಕಾರ ಬೀದಿಯವರೆಲ್ಲರ ಬಾಯಿಂದ ಒಟ್ಟಿಗೇ ಹೊರಬಿದ್ದಿತ್ತು.

ಡಾಕ್ಟರ್ ಶುಭಾ ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಅದ್ಭುತ! ನಂಬಿಕೆಯನ್ನೂ ಬಿಡದೆ, ನೆರೆಯವನನ್ನೂ ಬಿಡದೆ ಒಂದು ಇಡೀ ಬೀದಿ ದಾರಿ ಹುಡುಕಿದೆ. ಇದಕ್ಕೆ ಪ್ರಯೋಗಾಲಯದ ಸಾಕ್ಷಿಯೂ ಇದೆ. ಆದರೆ ಇದು ಸೂಕ್ಷ್ಮಜೀವಿಶಾಸ್ತ್ರ ಅಲ್ಲ, ಅಪ್ಪಟ ಸಮಾಜಶಾಸ್ತ್ರ!”

ಕಾಯಂ ಹುದ್ದೆ ಅನಂತಲಕ್ಷ್ಮಿಗೆ ಹೋಯಿತು. ಅವಳು ಕಣ್ಣಲ್ಲಿ ನೀರು ತಂದುಕೊಂಡು, “ಬೇಜಾರು ಮಾಡ್ಕೋಬೇಡಿ ಸಾರ್. ಪ್ರಬಂಧದ ಕೊನೇಲಿ ಕೃತಜ್ಞತೆ ಹೇಳ್ತೀನಿ,” ಎಂದಳು.

“ನನಗಾ?”

“ತುಂಗಾ ಮೇಡಂಗೆ ಸಾರ್.”

ಶಂಭುಲಿಂಗಪ್ಪನವರು ಅವನ ಬೆನ್ನು ತಟ್ಟಿ, “ಮುಂದಿನ ವರ್ಷ ನೋಡೋಣ ಕಣ್ರೀ. ಸೋಮವಾರ ನಿಮ್ಮ ಮನೆಯವರನ್ನ ಕಾಲೇಜಿಗೆ ಕರ್ಕೊಂಡು ಬನ್ನಿ, ಶುಭಾ ಮೇಡಂ ಸಂದರ್ಶನ ಮಾಡ್ತಾರಂತೆ,” ಎಂದರು.

ಪುರುಷೋತ್ತಮ ಮೆಟ್ಟಿಲ ಮೇಲೆ ಕುಸಿದು ಕೂತು ಹೆಂಡತಿಗೆ ಫೋನ್ ಮಾಡಿದ.

“ಲೇ ತುಂಗಾ, ಬೀದಿಗೆಲ್ಲ ಮೊಸರು ಕೊಟ್ಟೆಯಂತಲ್ಲೇ. ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳೋಕೇನಿತ್ತು? ಪಾಪ, ಎಲ್ರೂ ನಿಮಗೋಸ್ಕರಾನೇ ಅಂತ ಕೇಳ್ಕೊಂಡು ಬಂದ್ರು. ಯಾರನ್ನ ಬರಿಗೈಲಿ ಕಳಿಸ್ಲಿ? ಇನ್ನೂ ಒಂದು ಲೀಟರ್ ಹಾಲು ತಂದು ಹೆಪ್ಪಾಕಿ ಕೊಟ್ಟೆ. ಏನಾಯ್ತು, ಕೆಲಸ ಆಯ್ತಾ?”

“ಆಯ್ತು. ನನಗಲ್ಲ.”

ತುಂಗಾ ಮೆಲ್ಲಗೆ, “ಹೋಗ್ಲಿ ಬಿಡಿ, ಬನ್ನಿ. ಬಿಸಿ ಅನ್ನ ಮಾಡಿರ್ತೀನಿ,” ಎಂದಳು. “ಬರ್ತಾ ಒಂದು ಪ್ಯಾಕೆಟ್ ಮೊಸರು ತನ್ನಿ. ಮನೇಲಿ ಹೆಪ್ಪಿಗೂ ಒಂದು ತೊಟ್ಟಿಲ್ಲ. ಅಕ್ಕಪಕ್ಕ ಕೇಳೋಣ ಅಂದ್ರೆ, ಇವತ್ತು ಶುಕ್ರವಾರ ನೋಡಿ.”