ಮೈದಾ ಹಿಟ್ಟಿನ ಮನೆ

ಅಂಬಾದಾಸನ ದುಃಖ ಅಟ್ಟದ ಮೇಲಿತ್ತು. ಬೇರೆಯವರ ದುಃಖ ಎದೆಯೊಳಗಿರುತ್ತದೆ, ಜಾಗ ಕೇಳುವುದಿಲ್ಲ. ಇವನದು ಒಂದು ಗೋಣಿಚೀಲದ ತುಂಬ ಇತ್ತು. ಹಳೆಯ ಕೌದಿಗಳ ಹಿಂದೆ ಅವಿತು ಕುಳಿತಿತ್ತು, ಇಲಿ ಓಡಾಡಿದಾಗಲೆಲ್ಲ ಸರಸರ ಸದ್ದು ಮಾಡಿ ತಾನಿನ್ನೂ ಇದ್ದೇನೆಂದು ನೆನಪಿಸುತ್ತಿತ್ತು.

ಚೀಲದಲ್ಲಿದ್ದದ್ದು ಲಗ್ನಪತ್ರಿಕೆಗಳು. ನಾನೂರು ಚಿಲ್ಲರೆ. ದಪ್ಪ ಕೆನೆಬಣ್ಣದ ಕಾರ್ಡು, ಬಂಗಾರದ ಅಂಚು, ಮೇಲೆ ಗಣಪತಿ, ನಡುವೆ ‘ಚಿ. ಕುಂ. ಸೌ. ಅಮೃತ’, ಅದರ ಪಕ್ಕದಲ್ಲಿ ‘ಚಿ. ಮಚ್ಚೇಂದ್ರ’. ಅಮೃತ ಇವನ ಒಬ್ಬಳೇ ಮಗಳು. ಮಚ್ಚೇಂದ್ರ ಇವನ ಅಳಿಯ ಆಗಬೇಕಾದವ, ಆಗಲಿಲ್ಲ. ಎರಡು ವರ್ಷದ ಹಿಂದೆ, ಲಗ್ನಕ್ಕೆ ಹದಿನೆಂಟು ದಿನ ಇರುವಾಗ ಹುಡುಗನ ಕಡೆಯವರು ಫೋನು ಮಾಡಿ, ಹುಡುಗನಿಗೆ ಮನಸ್ಸಿಲ್ಲ ಎಂದರು. ಯಾಕೆ ಎಂದು ಕೇಳುವಷ್ಟರಲ್ಲಿ ಫೋನು ಇಟ್ಟರು. ಆಗ ಅಮೃತ ಪಡಸಾಲೆಯಲ್ಲಿ ಕುಳಿತು ಕಾರ್ಡುಗಳ ನಾಲ್ಕೂ ಮೂಲೆಗೆ ಅರಿಶಿನ ಹಚ್ಚುತ್ತಿದ್ದಳು. ಸುದ್ದಿ ಕೇಳಿದಳು. ಕೈಯಲ್ಲಿದ್ದ ಕಾರ್ಡಿನ ನಾಲ್ಕನೆಯ ಮೂಲೆಗೂ ಹಚ್ಚಿ ಮುಗಿಸಿ, ಎದ್ದು ಹೋಗಿ ಕೈ ತೊಳೆದುಕೊಂಡಳು. ಅತ್ತಿದ್ದರೆ ಸಮಾಧಾನವನ್ನಾದರೂ ಹೇಳಬಹುದಿತ್ತು. ಅಳಲಿಲ್ಲ. ಅಂಬಾದಾಸ ಹೇಳದೆ ಉಳಿದ ಸಮಾಧಾನವನ್ನು ಎರಡು ವರ್ಷ ಗಂಟಲಲ್ಲೇ ಇಟ್ಟುಕೊಂಡು ಓಡಾಡಿದ.

ಕಾರ್ಡುಗಳನ್ನು ಅವತ್ತೇ ಮನೆಯಿಂದ ಹೊರಗೆ ಹಾಕಬೇಕೆಂದು ಅವನ ಹೆಂಡತಿ ಸಖುಬಾಯಿಯ ಹುಕುಂ. ಆದರೆ ದೇವರ ಚಿತ್ರವಿರುವ ಕಾಗದ ನೋಡಿ. ಸುಡುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ, ರದ್ದಿಗೆ ಕೊಡುವಂತೆಯೂ ಇಲ್ಲ. ನೀರಿಗೇ ಬಿಡಬೇಕು. ಅಂಬಾದಾಸ ಚೀಲವನ್ನು ಸ್ಕೂಟರಿಗೆ ಕಟ್ಟಿಕೊಂಡು ಕೆರೆಯ ದಂಡೆಗೆ ಹೋದ. ಅಲ್ಲಿ ಅರ್ಧ ಬಸವಕಲ್ಯಾಣ ವಾಕಿಂಗಿಗೆ ಬಂದಿತ್ತು. ಒಬ್ಬೊಬ್ಬರೂ ನಿಂತು ಲಗ್ನದ ತಯಾರಿ ಎಲ್ಲಿಗೆ ಬಂತೆಂದು ವಿಚಾರಿಸಿದರು. ಇವನು ಒಬ್ಬೊಬ್ಬರಿಗೂ ‘ನಡದದ ರಿ’ ಎಂದ. ಕೊನೆಗೆ ಚೀಲವನ್ನು ಹಾಗೆಯೇ ವಾಪಸು ತಂದು, ಹೆಂಡತಿ ಗಿರಣಿಗೆ ಹೋದ ಹೊತ್ತು ನೋಡಿ ಅಟ್ಟಕ್ಕೇರಿಸಿ, ಅವಳು ಬಂದ ಮೇಲೆ ‘ಮುಳುಗಿಸಿ ಬಂದೆ’ ಎಂದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹೇಳಿದ ಒಂದೇ ಸುಳ್ಳು ಅದು. (ಉಳಿದವು ಹೇಳಿದ ಗಳಿಗೆಯಲ್ಲೇ ಸಿಕ್ಕಿಬಿದ್ದದ್ದರಿಂದ ಲೆಕ್ಕಕ್ಕಿಲ್ಲ.)

ಈಗ ಹೊಸ ಸಂಬಂಧ ಬಂದಿತ್ತು. ಹುಡುಗ ಹುಮನಾಬಾದಿನ ಅಜೀತ, ಹಾರ್ಡ್‌ವೇರ್ ಅಂಗಡಿಯವ, ಮಾತು ಕಡಿಮೆ. ಸಂಬಂಧ ತಂದದ್ದು ಅವನ ಸೋದರಮಾವ ಕಾಶಿರಾಮ, ಅಲ್ಲಿಯದೇ ಒಂದು ಪ್ರೆಸ್ಸಿನಲ್ಲಿ ಕೆಲಸ ಮಾಡುವವ. ಮನೆ ಹುಡುಕಿಕೊಂಡು ತಾನೇ ಬಂದಿದ್ದ. ವಿಳಾಸ ಅವನಿಗೆ ಹೇಗೆ ಸಿಕ್ಕಿತೆಂದು ಸಂತೋಷದ ಭರದಲ್ಲಿ ಯಾರೂ ಕೇಳಲಿಲ್ಲ. ಸಖುಬಾಯಿ ಮನೆಯೊಳಗೆ ಒಂದೇ ಕಾನೂನು ಹೊರಡಿಸಿದಳು. ವಧೂವರರ ತಲೆ ಮೇಲೆ ಅಕ್ಕಿಕಾಳು ಬೀಳುವ ತನಕ ಮೊದಲಿನ ಸಂಬಂಧದ ಸುದ್ದಿ ಹುಮನಾಬಾದಿಗೆ ಮುಟ್ಟಬಾರದು. ಒಮ್ಮೆ ಮುರಿದ ಮದುವೆ ಎಂದು ಗೊತ್ತಾದರೆ ಇನ್ನೊಮ್ಮೆ ಮುರಿಯಲು ಯಾರಿಗೂ ಕಾರಣವೇ ಬೇಡ. ಅಂಬಾದಾಸ ಹೂಂ ಅಂದ. ಅಂದ ದಿನದಿಂದ ಅವನಿಗೆ ರೊಟ್ಟಿ ಇಳಿಯದಾಯಿತು.

ಇಂಥ ಹೊತ್ತಿನಲ್ಲಿ ಮನೆಗೆ ಬಂದವಳು ಮನಿಷಾ, ಸಖುಬಾಯಿಯ ತಮ್ಮನ ಮಗಳು. ರುಖವತದ ಉಸ್ತುವಾರಿ ತನ್ನದೇ ಎಂದು ಬಂದಿದ್ದಳು. ಹೆಣ್ಣಿನ ಕಡೆಯವರು ಕೈಯಾರೆ ಮಾಡಿದ ಅಲಂಕಾರದ ಸಾಮಾನುಗಳನ್ನು ಲಗ್ನದ ಹಾಲಿನಲ್ಲಿ ಮೇಜಿನ ಮೇಲೆ ಜೋಡಿಸಿ ಬೀಗರಿಗೆ ಒಪ್ಪಿಸುವುದೇ ರುಖವತ. ಗಂಡಿನ ಕಡೆಯ ಹೆಂಗಸರು ಬಂದು ಒಂದೊಂದನ್ನೂ ಎತ್ತಿ, ತಿರುಗಿಸಿ, ತಟ್ಟಿ ನೋಡಿ, ಹುಡುಗಿಯ ಕೈಗುಣ, ತಾಯಿಯ ಬುದ್ಧಿ, ತಂದೆಯ ಜಿಪುಣತನ ಮೂರನ್ನೂ ಒಟ್ಟಿಗೇ ತೂಗುತ್ತಾರೆ. ಈಗ ರೆಡಿಮೇಡ್ ಸೆಟ್ಟು ಬಾಡಿಗೆಗೂ ಸಿಗುತ್ತದೆ. ಮನಿಷಾಗೆ ಅದು ಕೂಡದು. ಅವಳು ಮೊಬೈಲಿನಲ್ಲಿ ನೋಡಿ ಕಲಿತ ಕಲಾವಿದೆ. ಮನೆಯಲ್ಲಿ ಬಿಸಾಡುವಂಥದ್ದು ಏನಿದ್ದರೂ ಅವಳ ಕಣ್ಣಿಗೆ ಸಾಮಗ್ರಿ. ವಾರದೊಳಗೆ ಒಡೆದ ಬಳೆಗಳು ತೋರಣವಾದವು, ತೆಂಗಿನ ಚಿಪ್ಪು ಆಮೆಯಾಯಿತು, ಕುಂಬಳಬೀಜಕ್ಕೆ ಬಣ್ಣ ಬಿದ್ದು ನವಿಲಾಯಿತು. ಅಂಬಾದಾಸ ತನ್ನ ಹಳೆಯ ಚಪ್ಪಲಿಯನ್ನು ಮಂಚದ ಕೆಳಗೆ ಸರಿಸಿಟ್ಟುಕೊಂಡ.

ಮೇಜಿನ ನಡುವೆ ಇಡಲು ಒಂದು ದೊಡ್ಡ ಮನೆ ಬೇಕೆಂದು ಅವಳ ಯೋಜನೆ. ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ಕೊಳವೆ ಮಾಡಿ, ಕೊಳವೆಗಳಿಂದ ಗೋಡೆ, ಮಾಡು, ಬಾಗಿಲು, ಅಂಗಳದ ಸುತ್ತ ಕಟಾಂಜನದ ಬೇಲಿ.

“ದಪ್ಪ ಕಾಗದ ಬೇಕು ಮಾಮಾ. ಭಾಳ ಬೇಕು. ಎಲ್ಲಿ ಸಿಗ್ತದ?” ಎಂದು ಕೇಳಿದಳು.

ಅಂಬಾದಾಸ ಅಟ್ಟದ ಕಡೆ ನೋಡಿದ. ಎರಡು ವರ್ಷದಲ್ಲಿ ಮೊದಲ ಸಲ ಅವನಿಗೆ ಎದೆಯ ಮೇಲಿನ ಕಲ್ಲು ಜರಾ ಸರಿದಂತೆ ಅನ್ನಿಸಿತು. ಚೀಲ ಖಾಲಿಯಾಗುತ್ತದೆ, ಸುಳ್ಳು ಕರಗುತ್ತದೆ, ದುಃಖವೇ ಮನೆಯಾಗಿ ಮಗಳ ಹಿಂದೆ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯ ಬೇಕೆ? ಕಂಪನಿಯವರು ಕೊಟ್ಟ ಹಳೆಯ ಕ್ಯಾಲೆಂಡರ್ ರಟ್ಟುಗಳು ತನ್ನ ಅಂಗಡಿಯಲ್ಲಿವೆ ಎಂದು ಹೇಳಿ, ಸುತ್ತುವ ಕೆಲಸವನ್ನು ತಾನೇ ವಹಿಸಿಕೊಂಡ.

ಕಿರಾಣಿ ಅಂಗಡಿಯ ಹಿಂದಿನ ಖೋಲಿಯಲ್ಲಿ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ, ಅವನು ಕತ್ತರಿ ಹಿಡಿದು ಕುಳಿತ. ಮೊದಲು ನಾನೂರು ಗಣಪತಿಗಳನ್ನು ನೋವಾಗದಂತೆ ಕತ್ತರಿಸಿ ತೆಗೆದು ದೇವರ ಜಗಲಿಯ ಕೆಳಗಿಟ್ಟ. ಉಳಿದ ಕಾಗದವನ್ನು ಅಚ್ಚಾದ ಮೈ ಒಳಗೆ ಬರುವಂತೆ ಸುತ್ತಿದ. ಅಮೃತ ಒಳಗೆ, ಮಚ್ಚೇಂದ್ರ ಒಳಗೆ, ಮುಹೂರ್ತದ ಸಮಯ ಒಳಗೆ, ಹೊರಗೆ ಬರೀ ಕೆನೆಬಣ್ಣ. ಒಂದೊಂದು ಕೊಳವೆಗೂ ಒಂದೊಂದು ನಿಟ್ಟುಸಿರು ಸೇರಿತು. ಮಚ್ಚೇಂದ್ರನನ್ನು ನಾನೂರು ಸಲ ಸುರುಳಿ ಸುತ್ತಿದರೂ ಅವನ ಮೇಲಿನ ಸಿಟ್ಟು ತೀರಲಿಲ್ಲ, ಅದು ಬೇರೆ ಮಾತು.

ಇನ್ನು ಅಂಟು. ಮನಿಷಾ ಚೀಟಿಯಲ್ಲಿ ಬಾಟಲಿ ಅಂಟು ಎಂದು ಬರೆದು ಕೊಟ್ಟಿದ್ದಳು. ಅಂಬಾದಾಸನಿಗೆ ಅದು ತನ್ನ ವೃತ್ತಿಗೆ ಆದ ಅವಮಾನ ಅನ್ನಿಸಿತು. ಪ್ಲಾಸ್ಟಿಕ್ ಚೀಲ ಬರುವ ಮುಂಚೆ ಹಳೆಯ ಪೇಪರಿಗೆ ಮೈದಾ ಕುದಿಸಿದ ಅಂಟು ಹಚ್ಚಿ ಸಕ್ಕರೆ, ರವೆಯ ಪೊಟ್ಟಣಗಳನ್ನು ಸಾವಿರಗಟ್ಟಲೆ ಮಾಡಿದವನು ಅವನು. ಒಂದೂ ಬಿಚ್ಚಿದ್ದಿಲ್ಲ ಎಂದು ಹೇಳಿಕೊಂಡ. (ಆ ಪೊಟ್ಟಣಗಳು ಮನೆ ಮುಟ್ಟಿದ ಕೂಡಲೇ ಡಬ್ಬಿಗೆ ಸುರಿದು ಖಾಲಿಯಾಗುತ್ತಿದ್ದವು, ಬಿಚ್ಚಲು ಅವಕ್ಕೆ ಪುರಸೊತ್ತೇ ಇರಲಿಲ್ಲ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.) ಬೋಗುಣಿ ತುಂಬ ಮೈದಾ ಕುದಿಸಿದ.

ಮನೆ ಮಾತ್ರ ಅದ್ಭುತವಾಗಿ ಎದ್ದಿತು. ಎರಡು ಅಂತಸ್ತು, ಮುಂದೆ ತುಳಸಿಕಟ್ಟೆ, ಮಾಡಿನ ಮೇಲೆ ಒಂದು ಕಾಗದದ ಪಾರಿವಾಳ. ಸಖುಬಾಯಿ ಸುತ್ತ ತಿರುಗಿ ನೋಡಿ, ಗಂಡನ ಕೈಯಿಂದ ಒಂದು ನೆಟ್ಟಗಿನ ಕೆಲಸ ಆದದ್ದು ತನಗೆ ನೆನಪಿದ್ದಂತೆ ಇದೇ ಮೊದಲು ಎಂದಳು. ಅಂಬಾದಾಸನಿಗೆ ಆ ಹೊಗಳಿಕೆಯೂ ಮುಳ್ಳಿನಂತೆ ಚುಚ್ಚಿತು.

ಮೇ ತಿಂಗಳು. ಹುಮನಾಬಾದಿನ ಫಂಕ್ಷನ್ ಹಾಲು. ಟೆಂಪೋದಲ್ಲಿ ಮುಂದಿನ ಸೀಟಿಗೆ ಕುಳಿತು ಅಂಬಾದಾಸ ಮನೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದ. ಹೈವೇಯ ಒಂದೊಂದು ಸ್ಪೀಡ್‌ಬ್ರೇಕರಿಗೂ ಅವನ ಜೀವ ಎದ್ದು ಕುಳಿತುಕೊಂಡಿತು, ಮನೆ ಅಲುಗಲಿಲ್ಲ. ಹುಡುಗನ ತಾಯಿ ಧೂಳಮ್ಮ ಎದುರಿಗೆ ಬಂದು, ಇಷ್ಟು ಚಂದದ ರುಖವತವನ್ನು ಮೂಲೆಯಲ್ಲಿ ಇಡುವುದೇ ಎಂದು, ಹಾಲಿನಲ್ಲೇ ಅತ್ಯಂತ ಗೌರವದ ಜಾಗದಲ್ಲಿ ಇಡಿಸಿದಳು. ಆ ಜಾಗ ಆಳೆತ್ತರದ ನೀರಿನ ಕೂಲರಿನ ನೇರ ಎದುರಿಗಿತ್ತು.

ಮೊದಲು ಬಿಚ್ಚಿದ್ದು ಪಾರಿವಾಳ. ಅದು ತಲೆ ಬಾಗಿಸಿತು, ಆಮೇಲೆ ಮಲಗಿತು. ಅಂಬಾದಾಸ ಮೇಜಿನ ಹತ್ತಿರ ಸರಿದು ಮಾಡನ್ನು ಮುಟ್ಟಿ ನೋಡಿದ. ಬೆರಳಿಗೆ ಜಿಗುಟು ಜಿಗುಟು ಹತ್ತಿತು. ಕೂಲರಿನ ತೇವದ ಗಾಳಿ ಮೈದಾವನ್ನು ಮತ್ತೆ ಬೋಗುಣಿಯ ಸ್ಥಿತಿಗೆ ತರುತ್ತಿತ್ತು. ಮುಹೂರ್ತಕ್ಕೆ ಇನ್ನೂ ಮುಕ್ಕಾಲು ತಾಸು.

ಅವನು ಕೂಲರಿಗೂ ಮೇಜಿಗೂ ನಡುವೆ ಬೆನ್ನು ಕೊಟ್ಟು ನಿಂತುಬಿಟ್ಟ. ಶಲ್ಯವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದ. ಅಂಗಿ ಒದ್ದೆಯಾಯಿತು, ನಡುಕ ಹತ್ತಿತು, ಸರಿಯಲಿಲ್ಲ. ನೋಡಿದವರು ನೋಡಿ, ಹುಡುಗಿಯ ತಂದೆಗೆ ಸೆಕೆ ತಡೆಯುತ್ತಿಲ್ಲ ಪಾಪ ಎಂದು ಮಾತಾಡಿಕೊಂಡರು. ಬೀಗರ ಮರ್ಯಾದೆಯ ಪ್ರಶ್ನೆ. ಎರಡೇ ನಿಮಿಷದಲ್ಲಿ ನಾಲ್ಕು ಜನ ಸೇರಿ ಅಡುಗೆಯವರ ಹತ್ತಿರ ಇದ್ದ ಇನ್ನೊಂದು ಕೂಲರನ್ನು ದೂಡಿಕೊಂಡು ಬಂದು, ಹೊಸ ನೀರು ತುಂಬಿಸಿ, ಅವನ ಮುಖಕ್ಕೆ ನೇರ ತಿರುಗಿಸಿ ಹಚ್ಚಿದರು. ಈಗ ಮನೆಗೆ ಎರಡೂ ಕಡೆಯಿಂದ ಗಾಳಿ.

ಮೇಲಿನ ಅಂತಸ್ತು ಕೆಳಗಿನ ಅಂತಸ್ತಿನ ಮೇಲೆ ಕುಳಿತಿತು. ಗೋಡೆಗಳ ಕೊಳವೆಗಳು ನಿದ್ದೆಯಿಂದ ಎದ್ದವರಂತೆ ಒಂದೊಂದಾಗಿ ಮೈ ಮುರಿದು ಬಿಚ್ಚಿಕೊಂಡವು. ಎಲ್ಲಿ ನೋಡಿದರಲ್ಲಿ ಅಮೃತ, ಎಲ್ಲಿ ನೋಡಿದರಲ್ಲಿ ಮಚ್ಚೇಂದ್ರ. ಅಂಬಾದಾಸ ಬೊಗಸೆಯಲ್ಲಿ ಬಾಚಿಕೊಂಡಷ್ಟೂ ಮತ್ತಷ್ಟು ಹುಟ್ಟಿದವು. ಒಂದು ಕಾರ್ಡು ಹಾರಿ ಹೋಗಿ ಧೂಳಮ್ಮನ ಕಾಲ ಬುಡದಲ್ಲೇ ಬಿತ್ತು. ಕನ್ನಡಕ ಇಲ್ಲದ ಧೂಳಮ್ಮ ಅದನ್ನು ಎತ್ತಿ, ತಮ್ಮ ಕಾಶಿರಾಮನ ಕೈಗೆ ಕೊಟ್ಟು, ಏನು ಬರೆದಿದೆ ಓದು ಎಂದಳು.

ಕಾಶಿರಾಮ ಓದಲಿಲ್ಲ. ಕಾಗದದ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದ.

ಅಷ್ಟು ಹೊತ್ತಿಗೆ ಹೆಂಗಸರೆಲ್ಲ ಸುತ್ತುವರಿದಿದ್ದರು. ಸಖುಬಾಯಿಯ ಮುಖದ ಬಣ್ಣ ಹೋಗಿತ್ತು. ಅಂಬಾದಾಸನಿಗೆ ಆ ಕ್ಷಣಕ್ಕೂ ಒಂದು ಸುಳ್ಳು ಹೊಳೆದಿದ್ದರೆ ಹೇಳುತ್ತಿದ್ದನೋ ಏನೋ. ಹೊಳೆಯಲಿಲ್ಲ. ಎದೆಗೆ ಅವುಚಿಕೊಂಡಿದ್ದ ಒದ್ದೆ ಕಾರ್ಡುಗಳ ಸಮೇತ ಕೈ ಜೋಡಿಸಲು ಹೋಗಿ, ಅರ್ಧ ಕಾರ್ಡುಗಳನ್ನು ಬೀಳಿಸಿದ.

“ನನ್ನ ಮಗಳದು ಒಮ್ಮೆ ಲಗ್ನ ನಿಶ್ಚಯ ಆಗಿ ಮುರದದ ರಿ,” ಎಂದ. “ಆಕಿದು ತಪ್ಪಿಲ್ಲ. ಮುಚ್ಚಿಟ್ಟಾವ ನಾನು. ಏನ್ ಅನ್ನೋದಿದ್ರ ನನಗ ಅನ್ರಿ.”

ಧೂಳಮ್ಮ ಸೆರಗಿನಿಂದ ಕೈಗೆ ಹತ್ತಿದ ಜಿಗುಟು ಒರೆಸಿಕೊಂಡಳು.

“ಆ ಕಾರ್ಡ ನಮ್ಮ ಕಾಶಿರಾಮನ ಕೈಯಾಗೇ ಅಚ್ಚಾದದ್ದು ರಿ ಬೀಗರ. ನಿಮ್ಮ ಊರ ಕಾರ್ಡಿನ ಅಂಗಡಿಯವ ಅಚ್ಚು ಹಾಕಸ್ಲಿಕ್ಕ ಇಲ್ಲೇ ಕಳಸ್ತಾನ. ಮುರದ ಸುದ್ದೀನೂ ಅಂವನೇ ಹೇಳ್ದ. ಅದನ್ನ ಕೇಳೇ ಇಂವ ನಿಮ್ಮ ಮನಿ ಹುಡುಕ್ಕೊಂಡು ಬಂದಾವ. ನೀವಾಗಿ ಇವತ್ತ ಹೇಳ್ತಾರ, ನಾಳಿ ಹೇಳ್ತಾರ ಅಂತ ಆರು ತಿಂಗಳಿಂದ ಹಾದಿ ನೋಡಾಕತ್ತೇವಿ.”

ಆರು ತಿಂಗಳು ಬಿಟ್ಟ ರೊಟ್ಟಿಗಳೆಲ್ಲ ಅಂಬಾದಾಸನ ಕಣ್ಣ ಮುಂದೆ ಹಾದುಹೋದವು.

“ಮುರದದ್ದು ನಮಗ ಗೊತ್ತಿತ್ತು,” ಎಂದಳು ಧೂಳಮ್ಮ, ಕುಸಿದ ಮಾಡನ್ನು ಒಂದು ಬೆರಳಿನಿಂದ ಎತ್ತಿ ನೋಡುತ್ತ. “ಕಿರಾಣಿ ಅಂಗಡಿ ಇಟ್ಟಾವರು ಇಷ್ಟ ದೊಡ್ಡ ಮನೀನ ಮೈದಾದಾಗ ಕಟ್ಟೀರಿ ಅನ್ನೋದು ಮಾತ್ರ ಗೊತ್ತಿರಲಿಲ್ಲ.”

ಹೆಂಗಸರು ಮೊದಲು ಸೆರಗಿನೊಳಗೆ, ಆಮೇಲೆ ಸೆರಗಿನ ಹೊರಗೆ ನಕ್ಕರು. ಸಖುಬಾಯಿ ನಗಲಿಲ್ಲ. ಗಂಡನ ಕಿವಿಯ ಹತ್ತಿರ ಬಂದು, “ಮುಳುಗಿಸಿ ಬಂದೆ ಅಂದಿದ್ರಿ,” ಎಂದಷ್ಟೇ ಹೇಳಿ ಹೋದಳು. ಲಗ್ನ ಮುಗಿಯುವ ತನಕ, ಮುಗಿದ ಮೇಲೆ ಹದಿನಾಲ್ಕು ದಿನದ ತನಕ, ಅವಳು ಅವನ ಜೊತೆ ಆಡಿದ್ದು ಅದೊಂದೇ ಮಾತು.

ಗದ್ದಲ ಕೇಳಿ ಅಮೃತ ಬಾಸಿಂಗ ಕಟ್ಟಿಕೊಂಡೇ ಖೋಲಿಯ ಬಾಗಿಲಿಗೆ ಬಂದಿದ್ದಳು. ಕೆಳಗೆ ಬಿದ್ದ ಒಂದು ಕಾರ್ಡನ್ನು ಬಗ್ಗಿ ಎತ್ತಿಕೊಂಡು ನೋಡಿದಳು. ಉಳಿದಿದ್ದ ಎರಡು ಮೂಲೆಗಳಲ್ಲಿ ಅವಳ ಬೆರಳಿನ ಅರಿಶಿನ ಇನ್ನೂ ಹಾಗೆಯೇ ಇತ್ತು. ಅದನ್ನು ಬಿಗಿಯಾಗಿ ಸುರುಳಿ ಸುತ್ತಿ, ಮೇಜಿನ ಹತ್ತಿರ ಬಂದು ಕಾಗದದ ಮನೆಯ ಗೋಡೆಯ ತೂತಿನಲ್ಲಿ ಸಿಕ್ಕಿಸಿದಳು. ಆಮೇಲೆ ಅಪ್ಪನ ಒದ್ದೆ ತೋಳಿಗೆ ಮುಖ ಇಟ್ಟು ಅತ್ತಳು. ಎರಡು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಸಮಾಧಾನವನ್ನು ಹೇಳಲು ಅಂಬಾದಾಸನಿಗೆ ಕೊನೆಗೂ ಅವಕಾಶ ಬಂತು. ಸೀನು ಬಂದುಬಿಟ್ಟಿತು. ಎರಡು ಕೂಲರಿನ ಗಾಳಿ, ಸುಮ್ಮನೆ ಬಿಡುತ್ತದೆಯೇ?

ಮುಹೂರ್ತಕ್ಕೆ ಸರಿಯಾಗಿ ಅಕ್ಕಿಕಾಳು ಬಿತ್ತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಅಂಬಾದಾಸನಿಗೆ ಮುಗಿಯಲಿಲ್ಲ. ರುಖವತದ ಸಾಮಾನನ್ನು ಮುಂದಿನ ಖೋಲಿಯಲ್ಲೇ ಇಡುವುದು ಧೂಳಮ್ಮನ ಮನೆಯ ರೀತಿ. ಕುಸಿದ ಮನೆಯನ್ನೂ ಅವಳು ಬಿಡಲಿಲ್ಲ. ಹುಡುಗಿಯ ತಂದೆ ಕೈಯಾರೆ ಕಟ್ಟಿದ್ದು, ಬಂದು ರಿಪೇರಿ ಮಾಡಿಕೊಡಲಿ ಎಂದಳು. ಅವನು ಹೋಗಿ ಎರಡು ದಿನ ಕುಳಿತು ಮಾಡಿಕೊಟ್ಟ. ಈಗ ಅದು ಹುಮನಾಬಾದಿನಲ್ಲಿ ಟಿವಿಯ ಪಕ್ಕದ ಗಾಜಿನ ಕಪಾಟಿನಲ್ಲಿದೆ. ಕೆರೆಗೆ ಬಿಡಬೇಕಾಗಿದ್ದದ್ದು ಮಗಳ ಮನೆಯಲ್ಲಿ, ಬಂದ ನೆಂಟರಿಗೆಲ್ಲ ಮೊದಲು ಕಾಣುವ ಜಾಗದಲ್ಲಿ ಹೋಗಿ ಕುಳಿತಿದೆ.

ಮಳೆ ಹಿಡಿದ ಮೂರನೆಯ ದಿನಕ್ಕೆ ಅಂಗಡಿಗೆ ಫೋನು ಬಂತು.

“ಅಪ್ಪಾ, ಮಚ್ಚೇಂದ್ರ ಮತ್ತ ಹೊರಗ ಬಂದಾನ.”

ಎಲ್ಲಿಂದ ಎಂದು ಕೇಳಿದ. ಅಡುಗೆಮನೆಯ ಗೋಡೆಯಿಂದ ಒಬ್ಬ, ಮಾಡಿನಿಂದ ಇಬ್ಬರು, ತುಳಸಿಕಟ್ಟೆ ಪೂರ್ತಿ ಎಂದಳು. ಅಜೀತ ಒಬ್ಬನನ್ನು ಒಳಗೆ ತಳ್ಳಿ ನೋಡಿದನಂತೆ, ನಿಲ್ಲಲಿಲ್ಲವಂತೆ. ಅಂಬಾದಾಸ ನಾಚಿಕೆಯಿಂದ ಕುಗ್ಗಿ, ಈ ಸಲ ಒಳ್ಳೆಯ ಬಾಟಲಿ ಅಂಟನ್ನೇ ತರುತ್ತೇನೆ, ಮತ್ತೆ ಜನ್ಮದಲ್ಲಿ ಬಿಚ್ಚುವುದಿಲ್ಲ ಎಂದ.



“ಬ್ಯಾಡ,” ಎಂದಳು ಅಮೃತ. “ಮೈದಾನೇ ತಗೊಂಡು ಬಾ.”

ಅವನು ಡಬ್ಬಿ ಕೆಳಗಿಳಿಸಿ ಮೈದಾ ಅಳೆಯತೊಡಗಿದ. ಒಳಗಿನಿಂದ ಸಖುಬಾಯಿ ಸೀರೆ ಬದಲಿಸಿ, ಕೈಚೀಲ ಹಿಡಿದು, ಹೊರಟು ನಿಂತೇ ಬಂದಳು. ತಾನೂ ಬರುತ್ತೇನೆಂದು ಹೇಳಲಿಲ್ಲ, ಕೇಳಲೂ ಇಲ್ಲ.

“ನಡ್ರಿ,” ಎಂದಳು. “ಹುಮನಾಬಾದಕ್ಕ ಹೋಗಿ ಬಂದೆ ಅಂತ ನೀವು ಹೇಳಿದ್ರ ಈಗ ನಂಬಾವರು ಯಾರು?”